ಗುಂಡಿಗಲ್ಲು

ಕಲ್ಲುಗಣಿ ಆಫೀಸು
ಮೇ ೧೮, ಸೋಮವಾರ, ಊಟಕ್ಕೆ ಮುಂಚೆ

ಪ್ರೀತಿಯ ಮರೀ,

ಹೇಗಿದ್ದೀಯ? ಉಳುಕಿದ ಕಾಲು ನೆಟ್ಟಗಾಯಿತೇ? ಡಾಕ್ಟರು ಸುತ್ತಿದ ಪಟ್ಟಿಯನ್ನು ಹೇಳಿದಷ್ಟು ದಿನ ಇಟ್ಟುಕೊಂಡೆಯಾ, ಇಲ್ಲಾ ಎರಡನೇ ದಿನಕ್ಕೇ ಬಿಚ್ಚಿ ಬಿಸಾಡಿ ಯಾವುದಾದರೂ ಗುಡ್ಡ ಹತ್ತಿದೆಯಾ? ಉತ್ತರ ನನಗೆ ಗೊತ್ತು, ಆದರೂ ಕೇಳುವುದು ಅಕ್ಕನಾದವಳ ಧರ್ಮ. ಇಲ್ಲಿ ನಾವೆಲ್ಲರೂ ಕ್ಷೇಮ ಎಂದು ಬರೆಯುವುದು ವಾಡಿಕೆ. ಕ್ಷೇಮವಾಗಿಲ್ಲ. ಅಮ್ಮನಿಗೆ ಮಂಡಿನೋವು, ನಿನ್ನ ಭಾವನಿಗೆ ಸೊಂಟನೋವು, ನನಗೆ ನೀವಿಬ್ಬರು, ಅಂದರೆ ನೀನು ಮತ್ತು ಅಪ್ಪ. ಮೊದಲಿನ ಎರಡಕ್ಕೆ ಅಂಗಡಿಯಲ್ಲಿ ಮುಲಾಮು ಸಿಗುತ್ತದೆ.

ಈ ಕಾಲದಲ್ಲಿ ಪತ್ರವೇಕೆ, ಫೋನಿನಲ್ಲಿ ಹೇಳಬಾರದೇ ಎಂದು ಮೂಗು ಮುರಿಯಬೇಡ. ಮಾಡಿ ಮಾಡಿ ಬೆರಳು ಸವೆಯಿತು. ಎತ್ತುವುದಿಲ್ಲ ನೀನು. ಅಪ್ಪಿತಪ್ಪಿ ಎತ್ತಿದರೂ ಅಪ್ಪ ಎಂಬ ಪದ ನನ್ನ ಬಾಯಿಂದ ಬೀಳುತ್ತಿದ್ದ ಹಾಗೆ "ಅಕ್ಕಾ, ಕ್ಲಾಸಿದೆ" ಎಂದು ಇಡುತ್ತೀಯ. ಭಾನುವಾರ ಯಾವ ಕಾಲೇಜಿನಲ್ಲಿ ತಾಯೀ ಕ್ಲಾಸಿರುತ್ತದೆ? ಭಾವನಿಗೆ ಮಾತ್ರ ಏನೇನೋ ಉದ್ದಕ್ಕೆ ಬರೆದು ಕಳಿಸಿದ್ದೀಯಂತೆ. ಅವರು ನನಗೆ ಹೇಳಿದ್ದು ಕೊನೆಯ ಒಂದು ಸಾಲು, ಇನ್ನು ಆ ಮನೆ ನನಗೆ ಮುಗಿಯಿತು ಎನ್ನುವುದು. ಮಿಕ್ಕಿದ್ದನ್ನು ಕೇಳಿದರೆ "ಅದು ನನಗೂ ಅವಳಿಗೂ ಇರೋ ಮಾತು ಬಿಡೆ" ಎನ್ನುತ್ತಾರೆ. ಆದ್ದರಿಂದ ಪತ್ರ. ಇದನ್ನು ಅರ್ಧದಲ್ಲಿ ಕಟ್ ಮಾಡಲಾಗುವುದಿಲ್ಲ. ಹರಿಯಬಹುದು, ಆದರೆ ಹರಿಯುವ ಮುಂಚೆ ಓದೇ ಓದುತ್ತೀಯ. ಚಿಕ್ಕಂದಿನಲ್ಲಿ ಸಕ್ಕರೆ ಕಟ್ಟಿ ತಂದ ಕಾಗದವನ್ನೂ ಓದಿ ಮುಗಿಸದೆ ಒಲೆಗೆ ಹಾಕಲು ಬಿಡದವಳು ನೀನು.

ಮೊದಲು ನಿನ್ನ ಪಾಲಿನದ್ದು ಮುಗಿಸುತ್ತೇನೆ. ರಜೆಗೆ ಬಂದವಳು ಉಂಡು, ಮಲಗಿ, ಅಮ್ಮನ ಹತ್ತಿರ ತಲೆಗೆ ಎಣ್ಣೆ ತಟ್ಟಿಸಿಕೊಂಡು ಹೋಗಬೇಕಿತ್ತು. ಅದು ಬಿಟ್ಟು ಗಣಿಗಿಳಿದೆ. ಉತ್ತರದ ಗೋಡೆಯ ಬಂಡೆಯೊಂದರಲ್ಲಿ ಕಲ್ಲಾಗಿ ಉಳಿದ ಮೂರು ಕಡಲ ಲಿಲ್ಲಿ ಕಂಡೆ. ಫೋಟೋ ತೆಗೆದೆ. ಇಷ್ಟಕ್ಕೆ ಯಾರೂ ಬೇಡ ಅನ್ನುವುದಿಲ್ಲ. ಅದನ್ನು ಅಪ್ಪನಿಗೆ ತೋರಿಸಿದೆಯಾ? ಇಲ್ಲ. ಒಂದೇ ಮನೆಯಲ್ಲಿ, ಒಂದೇ ಕೋಣೆಯಲ್ಲಿ ಮಲಗಿದ್ದ ನನಗೆ? ಅದೂ ಇಲ್ಲ. ನೇರವಾಗಿ ಮ್ಯೂಸಿಯಮ್ಮಿಗೆ ಕಳಿಸಿದೆ. ನೀನು ಬಸ್ಸು ಹತ್ತಿ ಹೋದ ಸ್ವಲ್ಪ ದಿನಕ್ಕೆ ಮ್ಯೂಸಿಯಮ್ಮಿನ ಮೇಡಂ ನೋಟಿಸು ಹಿಡಿದು ಬಂದರು. ಮುಂದಿನ ಆದೇಶದವರೆಗೆ ಉತ್ತರದ ಗೋಡೆಯಲ್ಲಿ ಒಂದು ಸುತ್ತಿಗೆ ಏಟೂ ಬೀಳಕೂಡದು. ಉತ್ತರದ ಗೋಡೆ ನಿಂತರೆ ಏನು ನಿಲ್ಲುತ್ತದೆ ಎಂದು ನಿನಗೆ ಬಿಡಿಸಿ ಹೇಳಬೇಕೇ? ನೆಲಕ್ಕೆ ಹಾಸುವಂಥ ಗಟ್ಟಿ ಚಪ್ಪಡಿ ಸಿಗುವುದು ಅಲ್ಲಿಂದ ಮಾತ್ರ. ದಕ್ಷಿಣದ ಕಡೆಯದು ಸುಣ್ಣದ ಗೂಡಿಗೆ ಬಿಟ್ಟರೆ ಯಾವುದಕ್ಕೂ ಬಾರದ ಪುಡಿಗಲ್ಲು. ಕೊಯ್ಯುವ ಯಂತ್ರಗಳು ನಿಂತವು, ಲಾರಿಗಳು ನಿಂತವು, ಕೆಲಸದವರು ನೆರಳಿನಲ್ಲಿ ಇಸ್ಪೀಟು ಹಾಕಿಕೊಂಡು ಕೂತರು. ನೋಟಿಸಿನ ತುದಿಯಲ್ಲಿ ಮಾಹಿತಿ ಕೊಟ್ಟವರು ಎಂದು ನಿನ್ನ ಹೆಸರು ಇತ್ತು. ಅಪ್ಪ ಕನ್ನಡಕ ಹಾಕಿಕೊಂಡು ಒಮ್ಮೆ ಓದಿದರು, ಕನ್ನಡಕ ತೆಗೆದು ಒರೆಸಿ ಇನ್ನೊಮ್ಮೆ ಓದಿದರು. "ಮನೆ ಮಗಳಿಗೆ ಅಪ್ಪನ ಹತ್ರ ಬಂದು ಹೇಳೋಕೆ ಬಾಯಿರ್ಲಿಲ್ವಾ?" ಎಂದರು. ಅಷ್ಟೇ. ನನಗೆ ಅಳು ಬಂತು, ಆಮೇಲೆ ನಿನ್ನ ಮೇಲೆ ಕೋಪ ಬಂತು, ಆಮೇಲೆ ಆ ಕೋಪವೇ ಉಳಿಯಿತು.

ಆವತ್ತು ನೀವಿಬ್ಬರೂ ಫೋನಿನಲ್ಲಿ ಕಿತ್ತಾಡಿದ್ದನ್ನು ನಾನು ಬಾಗಿಲ ಸಂದಿಯಲ್ಲಿ ನಿಂತು ಕೇಳಿದೆ. ನೀನು ನನಗೂ ಕೇಳುವಷ್ಟು ಜೋರಾಗಿ "ಇಷ್ಟು ವರ್ಷ ಸಮುದ್ರಾನೇ ಚೀಲಕ್ಕೆ ತುಂಬಿ ಮಾರಿದೀರಿ ನೀವು" ಅಂದೆ. ಅವರು "ಆ ಚೀಲ ಹೊತ್ತೇ ನಿನ್ನ ಓದಿಸಿದ್ದು" ಅಂದರು. ಇಬ್ಬರು ಹೇಳಿದ್ದೂ ನಿಜ. ನನ್ನ ತಲೆನೋವೇ ಅದು. ಒಬ್ಬರದ್ದಾದರೂ ತಪ್ಪಿದ್ದರೆ ಅವರನ್ನು ಬೈದುಕೊಂಡು ನೆಮ್ಮದಿಯಾಗಿರುತ್ತಿದ್ದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುತ್ತಾರೆ. ನಡುವೆ ನೊಗದ ಗತಿ ಏನಾಯಿತು ಎಂದು ಯಾರಾದರೂ ಕೇಳಿದ್ದಾರೆಯೇ?

ಮೇಡಂ ಕೆಟ್ಟವರಲ್ಲ, ಅದನ್ನು ಒಪ್ಪುತ್ತೇನೆ. ಸುಮ್ಮನೆ ನೋಟಿಸು ಅಂಟಿಸಿ ಹೋಗಬಹುದಿತ್ತು. ಹೋಗಲಿಲ್ಲ. ಕೆಲಸದವರನ್ನೆಲ್ಲ ಕೂರಿಸಿಕೊಂಡು, ಅಮ್ಮ ಕೊಟ್ಟ ಚಹಾ ಕುಡಿಯುತ್ತಾ ವಿವರಿಸಿದರು. ನಾವು ಗುಂಡಿಗಲ್ಲು ಎಂದು ಬೈಯುತ್ತಿದ್ದೆವಲ್ಲ, ಅಂಗಿಯ ಗುಂಡಿಯ ಹಾಗೆ ನಡುವೆ ತೂತಿರುವ ಪುಟ್ಟ ಪುಟ್ಟ ಬಿಲ್ಲೆಗಳು ತುಂಬಿಕೊಂಡು, ಕೊಯ್ಯುವಾಗ ಪುಡಿಪುಡಿಯಾಗುವ ಕಲ್ಲು, ಆ ಬಿಲ್ಲೆಗಳೆಲ್ಲ ಕಡಲ ಲಿಲ್ಲಿಯ ಕಾಂಡದ ತುಣುಕುಗಳಂತೆ. ಹೆಸರು ಲಿಲ್ಲಿ, ನೋಡಲು ಹೂವು, ಆದರೆ ಪ್ರಾಣಿ. ಇಲ್ಲಿ ಆಳವಿಲ್ಲದ ಬೆಚ್ಚಗಿನ ಸಮುದ್ರವಿದ್ದಾಗ ಅದರ ತಳದಲ್ಲಿ ಕಾಲೂರಿ ನಿಂತು, ಗರಿಯಂಥ ಕೈಗಳನ್ನು ಚಾಚಿ, ನೀರಿನಲ್ಲಿ ತೇಲಿ ಬಂದದ್ದನ್ನು ತಿಂದುಕೊಂಡಿದ್ದವಂತೆ. ಸತ್ತಾಗ ಕಾಂಡ ಬಿಚ್ಚಿ ಬಿಲ್ಲೆಬಿಲ್ಲೆಯಾಗಿ ಉದುರುತ್ತಿತ್ತು. ಅದರ ಮೇಲೆ ಚಿಪ್ಪು, ಅದರ ಮೇಲೆ ಹವಳ, ಅದರ ಮೇಲೆ ಮತ್ತೆ ಬಿಲ್ಲೆ, ಹೀಗೆ ಪೇರಿ ಪೇರಿ, ಒತ್ತಿ ಒತ್ತಿ, ನಮ್ಮ ಇಡೀ ಗುಡ್ಡವೇ ಆಗಿದೆಯಂತೆ. ಗುಡ್ಡದಲ್ಲಿ ಅಲ್ಲೊಂದು ಇಲ್ಲೊಂದು ಸಿಕ್ಕಿಕೊಂಡಿರುವುದಲ್ಲ, ಗುಡ್ಡವೇ ಅವು. ಬಿಡಿ ಬಿಲ್ಲೆ ಎಷ್ಟು ಬೇಕಾದರೂ ಸಿಗುತ್ತವೆ, ಬುಡದಿಂದ ತುದಿಯವರೆಗೆ ಇಡಿಯಾಗಿ ಉಳಿದದ್ದು ಅಪರೂಪ, ನೀನು ಕಂಡದ್ದು ಅಂಥ ಮೂರು ಎಂದರು. ಅಮ್ಮ ಚಹಾದ ತಟ್ಟೆ ಹಿಡಿದುಕೊಂಡೇ ಕೇಳುತ್ತಿದ್ದವಳು, ಮೆಲ್ಲಗೆ "ಹಾಗಾದ್ರೆ ನಮ್ಮ ಅಡುಗೆಮನೆ ನೆಲ?" ಎಂದು ಕೇಳಿದಳು. ಅದೂ ಅದೇ ಕಲ್ಲು ಎಂದರು ಮೇಡಂ. "ಅಯ್ಯೋ, ಮದುವೆಯಾಗಿ ಬಂದಾಗಿನಿಂದ ಹೆಣಗಳ ಮೇಲೆ ನಿಂತು ಅಡುಗೆ ಮಾಡಿದೀನಾ ನಾನು?" ಅವತ್ತಿನಿಂದ ಅಡುಗೆಮನೆಗೆ ಹೋಗುವಾಗ ಚಪ್ಪಲಿ ಬಿಟ್ಟು ಹೋಗುತ್ತಾಳೆ. ತಣ್ಣನೆ ಕಲ್ಲಿನ ಮೇಲೆ ಬರಿಗಾಲು, ಆಮೇಲೆ ಮಂಡಿನೋವು ಎಂದು ನನ್ನ ಹತ್ತಿರ ನರಳುವುದು. ಇದನ್ನೂ ನಿನ್ನ ಲೆಕ್ಕಕ್ಕೇ ಬರೆಯುತ್ತಿದ್ದೇನೆ.

ನಿನ್ನ ಭಾವನದು ಇನ್ನೊಂದು ಕಥೆ. ಅಪ್ಪನ ಮುಂದೆ "ಹೌದು ಮಾವ, ಹುಡುಗಿ ಹಾಗೆ ಮಾಡಬಾರದಿತ್ತು" ಎನ್ನುತ್ತಾರೆ. ಅಲ್ಲಿಂದ ಹತ್ತು ಮಾರು ನಡೆದು ಮೇಡಂ ಮುಂದೆ "ಇಂಥದ್ದನ್ನೆಲ್ಲ ಉಳಿಸ್ಕೋಬೇಕು ಮೇಡಂ, ದೊಡ್ಡ ಕೆಲಸ ನಿಮ್ಮದು" ಎನ್ನುತ್ತಾರೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ನನ್ನ ಮುಂದೆ ಮಾತ್ರ ಏನೂ ಅನ್ನುವುದಿಲ್ಲ, ಟ್ಯಾಂಕರಿಗೆ ನೀರು ತುಂಬಿಸುವ ಕೆಲಸವಿದೆ ಎಂದು ಎದ್ದು ಹೋಗುತ್ತಾರೆ. ಕೆಲಸವೇ ನಿಂತಿರುವ ಗಣಿಯಲ್ಲಿ ಆ ಟ್ಯಾಂಕರಿಗೆ ಎಷ್ಟು ಸಲ ನೀರು ತುಂಬಿಸಿದರೋ ದೇವರಿಗೇ ಗೊತ್ತು.

ಈಗ ಅಪ್ಪನ ಪಾಲು. ಅಪ್ಪ ನಿನ್ನ ಕಲ್ಲನ್ನು ಹಾರಿಸಿಬಿಟ್ಟರು ಎಂದು ಮೇಡಂ ನಿನಗೆ ಹೇಳಿಯೇ ಇರುತ್ತಾರೆ. ಹೇಗೆ, ಆಮೇಲೆ ಏನಾಯಿತು ಎಂದು ಹೇಳುವಷ್ಟು ಹೊತ್ತು ನೀನು ಅವರ ಫೋನನ್ನೂ ಹಿಡಿದಿರಲಾರೆ. ನೋಟಿಸು ಬರುವುದಕ್ಕೆ ಮುಂಚೆಯೇ ಆ ಗೋಡೆಯ ನೆತ್ತಿಯಲ್ಲಿ ಕುಳಿ ಕೊರೆದಾಗಿತ್ತು, ಸಿಡಿಮದ್ದು ತುಂಬುವುದಷ್ಟೇ ಬಾಕಿ. ಮದ್ದಿನ ಕೋಣೆಯ ಬೀಗದ ಕೈ ಗಣಿಯ ಮೇಲ್ವಿಚಾರಕರಾದ ಅಪ್ಪನ ಹತ್ತಿರವೇ. ಜೊತೆಗೆ ಢಂ ಮಾಮ. ನಾವು ತೊದಲು ಮಾತಿನಲ್ಲಿ ಇಟ್ಟ ಆ ಹೆಸರು, ಮದ್ದುಗಾರನ ಕೆಲಸ ಬಿಟ್ಟು ಮನೆಯಲ್ಲಿ ಕೂತರೂ ಅವರನ್ನು ಬಿಟ್ಟಿಲ್ಲ. ಅಪ್ಪ ಕರೆದರೆ ಯಾಕೆ ಎಂದು ಕೇಳುವ ಮನುಷ್ಯನೂ ಅಲ್ಲ. ಕೆಲಸದವರಿಗೆ ರಜೆಯ ದಿನ, ಭಾವ ಲಾರಿಯ ರಿಪೇರಿಗೆ ಹೋಗಿದ್ದಾಗ, ನಾನು ದವಡೆಹಲ್ಲು ಕೀಳಿಸಲು ಹೋಗಿದ್ದಾಗ, ಇಬ್ಬರು ಮುದುಕರು ಸೇರಿ ಕೆಲಸ ಮುಗಿಸಿದರು. ಆಮೇಲೆ ಢಂ ಮಾಮನನ್ನು ಹಿಡಿದು ಕೇಳಿದಾಗ ಅಪ್ಪನ ವಾದ ಏನಿತ್ತು ಎಂದು ತಿಳಿಯಿತು. "ಆ ಕಲ್ಲು ಇರೋದ್ರಿಂದ ತಾನೇ ನೋಟಿಸು? ಕಲ್ಲೇ ಇಲ್ಲದಿದ್ರೆ ನೋಟಿಸು ಯಾವುದಕ್ಕೆ ಅಂಟ್ಕೊಳ್ಳುತ್ತೆ?" ನಿನ್ನ ಬುದ್ಧಿ ಎಲ್ಲಿಂದ ಬಂತು ಎಂದು ನನಗೆ ಯಾವತ್ತೂ ಅನುಮಾನವಿರಲಿಲ್ಲ.

ಹಲ್ಲಿನ ಡಾಕ್ಟರ ಹತ್ತಿರದಿಂದ ಬಸ್ಸಿಳಿದು ಬರುವಾಗ ಗಣಿಯ ಮೇಲೆ ಧೂಳು ಇನ್ನೂ ನಿಂತಿತ್ತು. ಓಡಿದೆ. ಅಪ್ಪ ಕಲ್ಲುರಾಶಿಯ ಮುಂದೆ ಕೈಕಟ್ಟಿ ನಿಂತಿದ್ದರು, ತಲೆಯಿಂದ ಕಾಲಿನವರೆಗೆ ಬೂದಿ ಬಳಿದ ಹಾಗೆ. ಅವರ ಮೇಲೆ ಕೂಗಾಡಲು ಜೀವಮಾನದಲ್ಲಿ ನನಗೆ ಸಿಕ್ಕ ಒಂದೇ ಒಂದು ನ್ಯಾಯವಾದ ಅವಕಾಶ. ಬಾಯಿ ಅರ್ಧ ಮರಗಟ್ಟಿತ್ತು, ಒಳಗೆ ಹತ್ತಿ ತುರುಕಿತ್ತು. ಬಂದದ್ದು "ಅಬ್ಬಾ ಏಂ ಮಾಬಿತ್ರಿ" ಅಷ್ಟೇ. ಅಪ್ಪ ನನ್ನ ಮುಖ ನೋಡಿ "ಮೊದಲು ಮನೆಗೆ ಹೋಗಿ ಮಲಕ್ಕೋ, ಮುಖ ಊದಿದೆ" ಅಂದರು. ಮನೆಗೆ ಹೋಗಿ ದಿಂಬಿಗೆ ಮುಖ ಒತ್ತಿಕೊಂಡು ಬೈದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಇಲ್ಲಿ ಆ ಕುಂಬಾರನಿಗೆ ಹಿಡಿದದ್ದು ಎಷ್ಟು ಕೋಟಿ ವರುಷವೋ.

ಒಡೆದ ಗೋಡೆಯಲ್ಲಿ ಏನಾದರೂ ಉಳಿದಿದೆಯೇ ಎಂದು ಮಾರನೆಯ ದಿನ ಬೆಳಗ್ಗೆ ಹೋಗಿ ನೋಡಿದೆ. ಏನೂ ಇರಲಿಲ್ಲ. ಮುಂದಿನ ಬಂಡೆಯೆಲ್ಲ ಜಾರಿ ಬಿದ್ದು, ಹಿಂದೆ ಬೂದುಬಣ್ಣದ ಜೇಡಿ ಮೆತ್ತಿದ ಬೋಳು ಗೋಡೆ ಒಂದೇ ಸಮನೆ ಎದ್ದು ನಿಂತಿತ್ತು. ಮದ್ದು ಹಾರಿಸಿದ ಮೇಲೆ ಧೂಳು ಏಳದಂತೆ ನೀರು ಹೊಡೆಯಬೇಕು ಎನ್ನುವುದು ನಿಯಮ. ಯಾವ ನಿಯಮವನ್ನೂ ಉಳಿಸದ ಗಣಿಯಲ್ಲಿ ಆ ಒಂದನ್ನು ಉಳಿಸಲು ನಿನ್ನ ಭಾವ ಟ್ಯಾಂಕರು ತಂದು ನಿಲ್ಲಿಸಿ ಪೈಪು ಹಿಡಿದರು. ಜೇಡಿ ಕರಗಿ ಇಳಿಯತೊಡಗಿತು. ಮೊದಲು ಹಗ್ಗದಂಥ ಒಂದು ಕಾಂಡ ಕಂಡಿತು. ಅದರ ತುದಿಗೆ ಮುಷ್ಟಿಯಷ್ಟು ಬಟ್ಟಲು, ಬಟ್ಟಲಿನ ಸುತ್ತ ಬಿಚ್ಚಿದ ಗರಿಗಳು. ಪಕ್ಕದಲ್ಲಿ ಇನ್ನೊಂದು. ಅದರ ಮೇಲೆ ಇನ್ನೊಂದು, ಗರಿ ಮುಚ್ಚಿಕೊಂಡದ್ದು. ಭಾವ ಬಾಯಿ ತೆರೆದುಕೊಂಡು ಪೈಪನ್ನು ಅತ್ತಿಂದಿತ್ತ ಆಡಿಸಿದ ಹಾಗೆಲ್ಲ ಗೋಡೆಯ ಈ ತುದಿಯಿಂದ ಆ ತುದಿಯವರೆಗೆ ಎದ್ದು ಬಂದವು ಮರೀ. ಸಣ್ಣವು, ದೊಡ್ಡವು, ಒಂದನ್ನೊಂದು ತಬ್ಬಿಕೊಂಡವು, ಎಲ್ಲವೂ ಒಂದೇ ಕಡೆಗೆ ವಾಲಿಕೊಂಡು. ನೀರು ಈಗಷ್ಟೇ ಅವುಗಳ ಮೇಲಿನಿಂದ ಹರಿದು ಹೋಗಿದೆ ಅನ್ನಬೇಕು. ಇಸ್ಪೀಟಿನವರು ಎಲೆಗಳನ್ನು ಕೈಯಲ್ಲೇ ಹಿಡಿದುಕೊಂಡು ಬಂದು ನಿಂತರು. ನಾನೂ ಊದಿದ ಕೆನ್ನೆ ಮರೆತು ಇನ್ನೂ ಹತ್ತಿರ ಹೋದೆ.

ಅಷ್ಟು ಹೊತ್ತಿಗೆ ಅಪ್ಪ ಇಳಿದು ಬಂದರು. ನೋಡಿದರು. ನೋಡಿದವರೇ ಭಾವನ ಮೇಲೆ ಹಾರಿದರು. "ನಿಲ್ಲಿಸೋ ನೀರು! ಅಷ್ಟು ಜೋರಾಗಿ ಹೊಡೆದ್ರೆ ಮುರಿದು ಹೋಗಲ್ವಾ?" ನಿನ್ನೆ ಮದ್ದಿಟ್ಟ ಮನುಷ್ಯ ಇವತ್ತು ನೀರಿಗೆ ಹೆದರುತ್ತಾರೆ. ಪೈಪು ಕಿತ್ತುಕೊಂಡು, ಅದರ ಬಾಯಿಗೆ ಹೆಬ್ಬೆರಳು ಅಡ್ಡ ಹಿಡಿದು, ಹಸುಗೂಸಿನ ತಲೆಗೆ ನೀರು ಹನಿಸುವ ಹಾಗೆ ತೊಳೆದರು. ಮಧ್ಯಾಹ್ನ ಊಟ ಒಯ್ದೆ, ನಿಂತೇ ತಿಂದರು, ಕಣ್ಣು ಗೋಡೆಯ ಮೇಲೆ. ತಿನ್ನುತ್ತಾ "ನಿನ್ನ ತಂಗಿ ಕಂಡಿದ್ದು ಬರೀ ಮೂರು" ಎಂದರು. ಆ ಫೋನಿನ ಜಗಳವಾದ ಮೇಲೆ ನಿನ್ನ ಮಾತು ಅವರ ಬಾಯಲ್ಲಿ ಬಂದದ್ದು ಅದೇ ಮೊದಲು, ಬಂದದ್ದೂ ಮಗಳ ಜೊತೆ ಪೈಪೋಟಿಗೆ! ನನಗೆ ರೇಗಿ "ಆ ಮೂರನ್ನೂ ನೀವು ಉಳಿಸಲಿಲ್ಲವಲ್ಲ" ಎಂದುಬಿಟ್ಟೆ. ಅಪ್ಪ ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಹಾಕಿದರು. ಆಮೇಲೆ "ಇಷ್ಟು ವರ್ಷ ಇದನ್ನೇ ಸುಟ್ಟು ಸುಣ್ಣ ಮಾಡಿದ್ವಲ್ಲೇ" ಎಂದು ತಟ್ಟೆ ನನ್ನ ಕೈಗೆ ಕೊಟ್ಟರು. ಅರ್ಧ ಊಟ ಹಾಗೇ ಇತ್ತು.

ಮೇಡಂಗೆ ಫೋನ್ ಮಾಡಿದ್ದು ನಾನೇ. ಬಂದವರು ಹೊಸ ಗೋಡೆಯ ಕಡೆ ತಿರುಗಿಯೂ ನೋಡದೆ ಮೊದಲು ಕಲ್ಲುರಾಶಿಯ ಹತ್ತಿರ ಹೋದರು. ಮಂಡಿಯೂರಿ ಕೂತು ಚೂರುಗಳನ್ನು ಒಂದೊಂದಾಗಿ ಆರಿಸಿದರು. ನಾನೂ ಚೀಲ ಹಿಡಿದು ಪಕ್ಕದಲ್ಲಿ ಕೂತೆ. ಅವರ ಕಣ್ಣಲ್ಲಿ ನೀರಿತ್ತು. ಮೂರರಲ್ಲಿ ಒಂದರ ಬಟ್ಟಲು ಒಡೆಯದೆ ಸಿಕ್ಕಿತು, ಉಳಿದೆರಡು ಸಿಗಲಿಲ್ಲ. ಅದಕ್ಕೆ ನಿನಗೆ ಹೇಳಲು ನನ್ನ ಹತ್ತಿರ ಸಮಾಧಾನದ ಮಾತಿಲ್ಲ, ಹುಡುಕಿಯೂ ಇಲ್ಲ. ಅಪ್ಪ ಬಂದು ಎದುರಿಗೆ ನಿಂತು "ನಾನೇ ಹಾರಿಸಿದ್ದು. ಮದ್ದಿನವನದ್ದು ತಪ್ಪಿಲ್ಲ, ನಾನು ಹೇಳಿದ್ದನ್ನ ಅವನು ಮಾಡಿದ. ಬರ್ಕೊಳ್ಳಿ" ಎಂದರು. ಮೇಡಂ ಬರೆದುಕೊಂಡರು. ಬರೆದುಕೊಳ್ಳುವುದಿಲ್ಲ ಎಂದು ಒಳಗೊಳಗೇ ಆಸೆ ಪಟ್ಟಿದ್ದೆ, ಸುಳ್ಳೇಕೆ ಹೇಳಲಿ. ಬರೆದುಕೊಂಡಾದ ಮೇಲೆ ಎದ್ದು, ಮಂಡಿಯ ಮಣ್ಣು ಕೊಡವಿ, ಗೋಡೆಯ ಕಡೆ ತಿರುಗಿದರು. ಕತ್ತಲಾಗುವವರೆಗೆ ಅಲ್ಲಿಂದ ಅಲುಗಲಿಲ್ಲ. ಒಂದೇ ಸಲಕ್ಕೆ ಕೆಸರು ಕುಸಿದು ಎಲ್ಲವನ್ನೂ ಬದುಕಿದ್ದ ಹಾಗೆಯೇ ಮುಚ್ಚಿರಬೇಕು, ಆದ್ದರಿಂದಲೇ ಬಿಲ್ಲೆ ಬಿಚ್ಚಿ ಉದುರದೆ ಉಳಿದಿವೆ ಎಂದರು. ಇಂಥ ಗೋಡೆಯನ್ನು ಅವರೂ ಕಂಡಿಲ್ಲವಂತೆ.

ಮುಂದಿನ ವಾರ ಗಣಿ ಇಲಾಖೆಯ ಅಧಿಕಾರಿ ಬಂದರು. ಅಪ್ಪನ ಮೇಲ್ವಿಚಾರಕರ ಅರ್ಹತೆ ರದ್ದಾಯಿತು, ಉತ್ತರದ ಕಡೆ ಇನ್ನು ಶಾಶ್ವತವಾಗಿ ಕೆಲಸವಿಲ್ಲ. ಮದ್ದಿನ ಕೋಣೆಯ ಬೀಗದ ಕೈ ಕೊಡಿ ಎಂದಾಗ ಅಪ್ಪ ಗೊಂಚಲನ್ನು ಮೇಜಿನ ಮೇಲೆ ಸುರಿದು ಆ ಒಂದನ್ನು ಬಿಡಿಸಿ ಕೊಟ್ಟರು, ಮನೆಯ ಬೀಗದ ಕೈಯನ್ನು ಮಾತ್ರ ಮತ್ತೆ ಉಂಗುರಕ್ಕೆ ಪೋಣಿಸಿಕೊಂಡರು, ಮಿಕ್ಕವನ್ನೆಲ್ಲ ನನ್ನ ಕಡೆ ತಳ್ಳಿದರು. ಹಾಗಾಗಿ ಈಗ ಗಣಿಯ ಮೇಲ್ವಿಚಾರಕಿ ನಾನು. ಅಭಿನಂದನೆ ಬೇಡ. ದಕ್ಷಿಣದ ಪುಡಿಗಲ್ಲನ್ನು ನಂಬಿಕೊಂಡು ಇಷ್ಟು ಜನರ ಮನೆಯ ಒಲೆ ಉರಿಸಬೇಕು. ಸುಣ್ಣದ ಗೂಡಿನವರು ಕಲ್ಲು ಬೇಕು ಎಂದಿದ್ದಾರೆ, ಅಷ್ಟು ಪುಣ್ಯ. ಆ ಕಲ್ಲನ್ನು ಕಳಿಸುವಾಗಲೂ ಅಪ್ಪ ಲಾರಿಗೆ ಅಡ್ಡ ನಿಂತು, ಒಂದೊಂದು ಬಂಡೆಯನ್ನೂ ತಿರುಗಿಸಿ ತಿರುಗಿಸಿ ನೋಡಿ ಬಿಡುತ್ತಾರೆ. ಲಾರಿಯವನು ಹಾರ್ನ್ ಹೊಡೆಯುತ್ತಾನೆ, ಅಪ್ಪ ಲೆಕ್ಕಿಸುವುದಿಲ್ಲ, ಕೊನೆಗೆ ನಾನು ಹೋಗಿ ಇಬ್ಬರನ್ನೂ ಬಿಡಿಸಬೇಕು.

ಈಗಿನ ರಂಪ ಕೇಳು. ಮ್ಯೂಸಿಯಮ್ಮಿನವರು ಗೋಡೆಯನ್ನು ಚಪ್ಪಡಿ ಚಪ್ಪಡಿಯಾಗಿ ಕೊಯ್ದು ಒಯ್ದು ಅಲ್ಲಿ ಜೋಡಿಸಬೇಕು ಎನ್ನುತ್ತಾರೆ. ಹಿಂದೆ ಜೇಡಿಯ ಪದರವಿದೆ, ಮಳೆ ನೀರು ಇಳಿದರೆ ಗೋಡೆ ಸಡಿಲವಾಗಿ ಬೀಳಬಹುದು ಎನ್ನುವುದು ಅವರ ಇಂಜಿನಿಯರ ಮಾತು. ಅಪ್ಪ ಕೊಯ್ಯಲು ಬಿಡುವುದಿಲ್ಲ. "ಇಲ್ಲೇ ಹುಟ್ಟಿದ್ವು, ಇಲ್ಲೇ ಸತ್ವು, ಇಲ್ಲೇ ಇರ್ಲಿ" ಎಂದು ಬೆಳಗಾದರೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಗೋಡೆಯ ಮುಂದೆ ಕೂರುತ್ತಾರೆ. ಮಳೆಗೆ ಅಡ್ಡವಾಗಲಿ ಎಂದು ಲಾರಿ ಶೆಡ್ಡಿನ ತಗಡುಗಳನ್ನೆಲ್ಲ ಕೀಳಿಸಿ ಗೋಡೆಗೆ ಮಾಡು ಹೊದಿಸಿದ್ದಾರೆ. ಲಾರಿಗಳು ಬಿಸಿಲಲ್ಲಿ ಒಣಗುತ್ತಿವೆ. ಇಂಜಿನಿಯರು ಆ ಮಾಡನ್ನು ನೋಡಿ ನಕ್ಕರು, ಅಪ್ಪ ಅವರಿಗೆ ಕೂರಲು ಹೇಳಲಿಲ್ಲ. ಮೊನ್ನೆ ಮೇಡಂ ಕೈಮುಗಿದು ಕೇಳಿಕೊಂಡರು. ಅಪ್ಪ "ನೀವು ಹೇಳೋದೆಲ್ಲ ಸರಿ ಇರಬಹುದಮ್ಮ. ಆದ್ರೆ ನಮ್ಮ ಹುಡುಗಿ ಬಂದು ನೋಡ್ಲಿ. ಅವಳು ಕೊಯ್ಯಿರಿ ಅಂದ್ರೆ ನಾನೇ ಗೆರೆ ಹಾಕಿ ಕೊಡ್ತೀನಿ" ಎಂದರು. ಸರಿ, ಹಾಗಾದರೆ ಅವಳನ್ನು ಕರೆಯಿರಿ ಎಂದರೆ "ನಾನ್ಯಾಕೆ ಕರೀಲಿ? ಹೋದವಳಿಗೆ ದಾರಿ ಗೊತ್ತಿಲ್ವಾ?" ಎನ್ನುತ್ತಾರೆ. ಅವರು ಕರೆಯುವುದಿಲ್ಲ, ನೀನು ಬರುವುದಿಲ್ಲ, ಮೋಡ ಮಾತ್ರ ಯಾರೂ ಕರೆಯದಿದ್ದರೂ ದಿನಾ ಬಂದು ಗುಡ್ಡದ ಹಿಂದೆ ನಿಲ್ಲುತ್ತಿದೆ.

ನನಗಂತೂ ಸಾಕಾಗಿದೆ ಮರೀ. ಬಾ. ಕ್ಷಮಿಸಲು ಬರಬೇಡ, ಕ್ಷಮೆ ಕೇಳಲೂ ಬರಬೇಡ. ಬಂದು ಆ ಗೋಡೆಯ ಮುಂದೆ ಇನ್ನೊಂದು ಕುರ್ಚಿ ಹಾಕಿಕೊಂಡು ಅಪ್ಪನ ಜೊತೆ ಗಂಟಲು ಹರಿಯುವವರೆಗೆ ಕಿತ್ತಾಡು. ಕೊಯ್ಯಿರಿ ಅನ್ನು, ಬೇಡ ಅನ್ನು, ಏನಾದರೊಂದು ಅನ್ನು. ನಿಮ್ಮಿಬ್ಬರ ಮಾತನ್ನು ಅವರಿಂದ ನಿನಗೆ, ನಿನ್ನಿಂದ ಅವರಿಗೆ ಹೊತ್ತು ಹಾಕುವ ಲಾರಿಯ ಕೆಲಸ ನನ್ನಿಂದ ಇನ್ನು ಆಗದು. ಅಮ್ಮ ನಿನಗೆ ಮುತ್ತು ಕಳಿಸಿದ್ದಾಳೆ, ಸರಿಯಾಗಿ ಊಟ ಮಾಡು ಎಂದಿದ್ದಾಳೆ. ಭಾವ ಏನು ಹೇಳಲಿ ಎಂದು ಯೋಚಿಸಿ ಯೋಚಿಸಿ ಕೊನೆಗೆ "ಕೇಳಿದೆ ಅಂತ ಹೇಳು" ಅಂದರು. ನಿನ್ನ ಹೊಟ್ಟೆ ತಣ್ಣಗಿರಲಿ, ಕಾಲು ಗಟ್ಟಿಯಾಗಲಿ, ಇನ್ನು ಮುಂದೆ ಏನು ಕಂಡರೂ ಮೊದಲು ಮನೆಯವರಿಗೆ ಹೇಳುವ ಬುದ್ಧಿಯನ್ನು ದೇವರು ಕೊಡಲಿ.

ನಿಮ್ಮಿಬ್ಬರ ನಡುವೆ ಸಿಕ್ಕಿಕೊಂಡಿರುವ
ನಿನ್ನ ಅಕ್ಕ

ವಿ.ಸೂ.: ಲಕೋಟೆಗೆ ಅಂಟು ಹಚ್ಚಿದ್ದನ್ನು ಹರಿದು ಬರೆಯುತ್ತಿದ್ದೇನೆ, ಅಂಚೆಯವನು ಬಾಗಿಲಲ್ಲೇ ನಿಂತಿದ್ದಾನೆ. ಈಗ ಅಪ್ಪನಿಗೆ ಊಟ ಕೊಡಲು ಹೋಗಿದ್ದೆ. ಎಡಗಡೆ ನಿಂತು ಎಷ್ಟು ಕರೆದರೂ ತಿರುಗಲಿಲ್ಲ. ಹಠವೆಂದುಕೊಂಡು ಬೈದೆ, ಆಗಲೂ ತಿರುಗಲಿಲ್ಲ. ಢಂ ಮಾಮ ನನ್ನನ್ನು ಈಚೆಗೆ ಕರೆದು ಬಾಯಿಬಿಟ್ಟರು. ಮದ್ದು ಹಾರಿಸಿದ ದಿನ ಅಪ್ಪ ಮರೆಗೆ ಹೋಗಲಿಲ್ಲವಂತೆ, ಕಲ್ಲು ಬೀಳುವುದನ್ನು ಕಣ್ಣಾರೆ ನೋಡಬೇಕೆಂದು ಹತ್ತಿರವೇ ನಿಂತಿದ್ದರಂತೆ. ಆ ಎಡಗಿವಿ ಪೂರ್ತಿ ಹೋಗಿದೆ. ಅವತ್ತು ಬರೀ ಗುಂಯ್ ಎನ್ನುತ್ತಿದೆ ಎಂದುಕೊಂಡಿದ್ದರು, ಹೋಗಿಯೇ ಬಿಟ್ಟಿದೆ ಎಂದು ಅವರಿಗೆ ತಿಳಿದದ್ದೂ ಆಮೇಲೆಯೇ. ನಮಗೆ ಹೇಳಕೂಡದೆಂದು ಮಾಮನಿಗೆ ಆಣೆ ಹಾಕಿದ್ದರು. ಇದನ್ನು ಕೇಳಿದ್ದೇ ನಿನ್ನ ಭಾವ ಬಿಳಿಚಿಕೊಂಡು, ನೀನು ಬರೆದದ್ದನ್ನು ಪೂರ್ತಿ ತೆಗೆದು ತೋರಿಸಿದರು. ಮದ್ದು ಹಾರಿಸಿದ ದಿನವೇ ಸಂಜೆ ನೀನು ಮನೆಗೆ ಫೋನ್ ಮಾಡಿ, ತಪ್ಪಾಯಿತಪ್ಪಾ, ನಿಮಗೇ ಮೊದಲು ಹೇಳಬೇಕಿತ್ತು ಎಂದು ಅತ್ತಿದ್ದೆಯಂತೆ, ಅಪ್ಪ ಎಲ್ಲ ಕೇಳಿಸಿಕೊಂಡು ಒಂದು ಮಾತೂ ಆಡದೆ ಇಟ್ಟುಬಿಟ್ಟರಂತೆ. ಅಪ್ಪ ಫೋನು ಹಿಡಿಯುವುದು ಯಾವಾಗಲೂ ಎಡಗಿವಿಗೆ. ಓಡಿಹೋಗಿ ಅವರನ್ನೇ ಕೇಳಿದೆ, ಆ ಸಂಜೆ ಬಂದದ್ದು ಯಾರ ಫೋನು ಎಂದು. "ಯಾರೋ ಏನೋ. ತುಂಬಾ ಹೊತ್ತು ಹಿಡ್ಕೊಂಡೇ ಇದ್ದೆ, ಮಾತೇ ಆಡ್ಲಿಲ್ಲ" ಅಂದರು. ಬಂದಾಗ ಬಲಗಡೆ ಕೂತು ಇನ್ನೊಂದು ಸಲ ಹೇಳು.